ತಲೆಗೆ ಯಾವ ಸ್ಕ್ಯಾನು, ಕುತ್ತಿಗೆಗೆ ಯಾವುದು?

“ಯಾವುದೋ ದೊಡ್ಡ ಸ್ಕ್ಯಾನ್ ಇದೆಯಂತಲ್ಲ ಸಾರ್, ಅದನ್ನೇ ಮಾಡಿಬಿಡಿ.” 12 ವರ್ಷದಿಂದ ಸಿಟಿ ಸ್ಕ್ಯಾನ್ ಮಷೀನ್ (ಎಕ್ಸ್‌ರೇಯಿಂದ ದೇಹದೊಳಗಿನ ಪದರ ಪದರದ ಚಿತ್ರ ತೆಗೆಯೋದು) ನಡೆಸುತ್ತಿದ್ದೇನೆ. ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ದೊಡ್ಡದು ಚಿಕ್ಕದು ಅಂತಿಲ್ಲ. ಡಾಕ್ಟರಿಗೆ ಏನು ತಿಳಿಯಬೇಕು ಅನ್ನೋದರ ಮೇಲೆ ಹೋಗುತ್ತದೆ.

ಕುತ್ತಿಗೆಯಲ್ಲಿ ಗಂಟು, ಥೈರಾಯ್ಡ್ ಊತ ಇದ್ದರೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಿಂದ ಶುರು. ವಿಕಿರಣ ಇಲ್ಲ, ಖರ್ಚೂ ಕಡಿಮೆ. ಒಳಗೆ ನೀರಿದೆಯೋ ಗಟ್ಟಿಯೋ ಗೊತ್ತಾಗುತ್ತದೆ. ನೋಡನೋಡುತ್ತಲೇ ಸೂಜಿ ಹಾಕಿ ಪರೀಕ್ಷೆಗೆ ತೆಗೆಯಲೂಬಹುದು.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ ಹೆಚ್ಚಾಗಿ ಮೊದಲು ಸಿಟಿ. ಕೆಲವೇ ನಿಮಿಷದ ಕೆಲಸ. ಹೊಸ ರಕ್ತಸ್ರಾವ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ರಕ್ತನಾಳ ಕಟ್ಟಿಕೊಂಡು ಆದ ಲಕ್ವ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಇರಬಹುದು. ಎಂಆರ್‌ಐ, ಅಂದರೆ ದೊಡ್ಡ ಆಯಸ್ಕಾಂತದಿಂದ ಚಿತ್ರ ತೆಗೆಯುವ ಸ್ಕ್ಯಾನ್, ಅದನ್ನು ಬೇಗ ಹಿಡಿಯುತ್ತದೆ. ‘ಸಿಟಿ ನಾರ್ಮಲ್’ ಅಂದ ಕೂಡಲೇ ಮನೆಗೆ ಹೊರಟುಬಿಡಬೇಡಿ.

ನಮ್ಮಲ್ಲಿಗೆ ಜಾಸ್ತಿ ಬರೋದು ಗುಟ್ಕಾ, ಎಲೆಅಡಿಕೆ ಹಾಕಿ ಕೆನ್ನೆಯೊಳಗೆ ಹುಣ್ಣಾದವರು. ಸುಮ್ನೆ ಮಲಗಿಸಿ ಸಿಟಿ ತೆಗೆದರೆ ಕೆನ್ನೆ ಒಸಡಿಗೆ ಅಂಟಿಕೊಂಡು, ಹುಣ್ಣು ಯಾವುದರಲ್ಲಿ ಹುಟ್ಟಿದ್ದು ಅಂತಲೇ ತಿಳಿಯೋದಿಲ್ಲ. ಅದಕ್ಕೇ ತುಟಿ ಬಿಗಿದು, ಬಲೂನು ಊದುವ ಹಾಗೆ ಕೆನ್ನೆ ಉಬ್ಬಿಸಿ ಅಂತೀವಿ. ತುಂಬಿದ ಗಾಳಿ ಚಿತ್ರದಲ್ಲಿ ಕಪ್ಪಗೆ ಬಂದು ಎರಡನ್ನೂ ಬಿಡಿಸಿ ತೋರಿಸುತ್ತದೆ. ಒಬ್ಬ ಅಜ್ಜ ನಗು ತಡೆಯಲಾರದೆ ಮೂರು ಸಲ ಗಾಳಿ ಬಿಟ್ಟರು, ಪುಣ್ಯಕ್ಕೆ ಬಟನ್ ಒತ್ತುವ ಮುಂಚೆ. ಈಗ ಹೊರಗಿನ ಬೆಂಚಿನ ಮೇಲೇ ಪ್ರಾಕ್ಟೀಸ್ ಮಾಡಿಸುತ್ತೇನೆ. ಸ್ಕ್ಯಾನ್ ನಡೆಯುವಾಗ ಎಂಜಲೂ ನುಂಗಬಾರದು, ಚಿತ್ರ ಮಸುಕಾಗುತ್ತದೆ.

ನಾಲಿಗೆ, ನರ, ತಲೆಬುರುಡೆಯ ತಳ ನೋಡಬೇಕಾದರೆ ಎಂಆರ್‌ಐ ಮೇಲು. ಅರ್ಧ ಗಂಟೆ ಅಲುಗಾಡದೆ ಮಲಗಬೇಕು, ಸದ್ದೂ ಜೋರು. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದರೆ ಮೊದಲೇ ಹೇಳಿ. ಒಡವೆ ಬಿಚ್ಚಿಡುತ್ತಾರೆ, ಬ್ಲೌಸಿಗೆ ಸಿಕ್ಕಿಸಿದ ಪಿನ್ನು ಮಾತ್ರ ಮರೆತೇಬಿಡುತ್ತಾರೆ!

ಪೆಟ್ ಸ್ಕ್ಯಾನ್ (ಸ್ವಲ್ಪ ವಿಕಿರಣ ಸೂಸುವ ಔಷಧಿ ಚುಚ್ಚಿ, ಅದು ಮೈಯಲ್ಲಿ ಎಲ್ಲಿ ಸೇರಿ ಹೊಳೆಯುತ್ತದೆ ಅಂತ ನೋಡೋದು) ಹೆಚ್ಚಾಗಿ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡೋಕೆ. ರೇಡಿಯೇಷನ್ ಚಿಕಿತ್ಸೆ ಮುಗಿದ ಮೇಲಾದರೆ ಸುಮಾರು 12 ವಾರ ಕಾಯಿಸುತ್ತಾರೆ. ಅವಸರ ಮಾಡಿದರೆ ಬರೀ ಉರಿಯೂತವೂ ಹೊಳೆದು ಗಾಬರಿ ಹುಟ್ಟಿಸುತ್ತದೆ.

ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಬರಲು ಕೊಡುವ ಇಂಜೆಕ್ಷನ್) ಹಾಕಿ ಸಿಟಿ ಅಂತ ಚೀಟಿಯಲ್ಲಿದ್ದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿಯ ರಕ್ತಪರೀಕ್ಷೆಯ ರಿಪೋರ್ಟ್ ಬೇಕಾ ಅಂತ ಕೇಳಿಕೊಂಡು ಬನ್ನಿ. ಹಿಂದೆ ಆ ಇಂಜೆಕ್ಷನ್ನಿಗೆ ಮೈ ತುರಿಸಿದ್ದರೆ ಅದನ್ನೂ ಹೇಳಿ. ಹಳೆಯ ಸಿಡಿ, ಫಿಲ್ಮು ತನ್ನಿ. ಫಿಲ್ಮನ್ನು ಮಾತ್ರ ಮಡಚಬೇಡಿ.