ಸೂಪರ್‌ಮೂನ್ ನೋಡಲು ಮೂಡುವ ಹೊತ್ತಿಗೇ ಹೋಗಿ

ಸೂಪರ್‌ಮೂನ್ (ಚಂದ್ರ ಭೂಮಿಗೆ ತೀರಾ ಸಮೀಪವಿರುವಾಗ ಬರುವ ಹುಣ್ಣಿಮೆ) ಬರುತ್ತದೆ ಎಂಬ ಸುದ್ದಿ ಓದಿದವರಲ್ಲಿ ಹೆಚ್ಚಿನವರು ಊಟ ಮುಗಿಸಿ ಒಂಬತ್ತು ಹತ್ತು ಗಂಟೆಗೆ ಹೊರಗೆ ಬರುತ್ತಾರೆ. ಕತ್ತೆತ್ತಿ ನೋಡಿ, ‘ಎಲ್ಲ ಹುಣ್ಣಿಮೆಯ ಹಾಗೆಯೇ ಇದೆಯಲ್ಲ’ ಎಂದು ನಿರಾಶರಾಗಿ ಒಳಗೆ ಹೋಗುತ್ತಾರೆ. ಅವರ ಕಣ್ಣಿನಲ್ಲಿ ದೋಷವಿಲ್ಲ, ಹೋದ ಹೊತ್ತು ಸರಿಯಿಲ್ಲ, ಅಷ್ಟೇ. ಬರಿದಾದ ಆಕಾಶದ ನಡುವೆ ಒಂಟಿಯಾಗಿರುವ ಚಂದ್ರ ತುಸು ದೊಡ್ಡವನೋ ಚಿಕ್ಕವನೋ ಎಂದು ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಈ ಚಂದ್ರನನ್ನು ಸವಿಯಬೇಕೆಂದರೆ ಅವನು ಮೂಡುವ ಮೊದಲೇ ದಿಗಂತ ಕಾಣುವ ಜಾಗದಲ್ಲಿ ಹೋಗಿ ನಿಂತಿರಬೇಕು.

ಮೊದಲು ಲೆಕ್ಕ ತಿಳಿದಿರಲಿ

ಚಂದ್ರ ಭೂಮಿಯನ್ನು ಸುತ್ತುವ ದಾರಿ ದೀರ್ಘವೃತ್ತ. ಸರಾಸರಿ ದೂರ 3,84,400 ಕಿ.ಮೀ. ಆದರೂ ಅತಿ ಸಮೀಪದ ಬಿಂದುವಾದ ಪೆರಿಜಿಯಲ್ಲಿ ಅದು ಕೆಲವೊಮ್ಮೆ 3,56,500 ಕಿ.ಮೀ.ವರೆಗೂ ಇಳಿಯುತ್ತದೆ, ದೂರದ ತುದಿಯಲ್ಲಿ 4,06,000 ಕಿ.ಮೀ. ದಾಟುತ್ತದೆ. ಪೆರಿಜಿಯಿಂದ ಪೆರಿಜಿಗೆ ಸರಾಸರಿ 27.55 ದಿನ, ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಈ ಎರಡು ಸುತ್ತುಗಳು ಕೂಡಿಬರುವುದು ಸುಮಾರು ಹದಿಮೂರೂವರೆ ತಿಂಗಳಿಗೊಮ್ಮೆ. ಆ ಆಸುಪಾಸಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹುಣ್ಣಿಮೆಗಳು ಸಾಲಾಗಿ ಸೂಪರ್‌ಮೂನ್ ಎನಿಸಿಕೊಳ್ಳುತ್ತವೆ. ಎಷ್ಟು ಹತ್ತಿರ ಬಂದರೆ ಆ ಹೆಸರು ಎಂಬುದಕ್ಕೆ ಎಲ್ಲರೂ ಒಪ್ಪಿದ ಗಡಿಯಿಲ್ಲದ ಕಾರಣ ಪಟ್ಟಿಯಿಂದ ಪಟ್ಟಿಗೆ ಸಂಖ್ಯೆ ಬದಲಾಗುತ್ತದೆ.

‘ಶೇ 14ರಷ್ಟು ದೊಡ್ಡದು, ಶೇ 30ರಷ್ಟು ಪ್ರಕಾಶಮಾನ’ ಎಂಬ ಅಂಕಿಗಳನ್ನು ನೀವು ಓದಿರುತ್ತೀರಿ. ಅವು ಸುಳ್ಳಲ್ಲ, ಆದರೆ ಆ ಹೋಲಿಕೆ ಅತಿ ದೂರದ ಹುಣ್ಣಿಮೆಯೊಂದಿಗೆ. ಸಾಧಾರಣ ಹುಣ್ಣಿಮೆಯ ಪಕ್ಕದಲ್ಲಿ ಇಟ್ಟರೆ ಗಾತ್ರದ ಹೆಚ್ಚಳ ಶೇ 7ರಷ್ಟು ಮಾತ್ರ.

ದಾಖಲೆಯ ಹಿಂದೆ ಬೀಳುವುದೂ ಬೇಡ. 2016ರ ನವೆಂಬರ್ 14ರ ಹುಣ್ಣಿಮೆ 1948ರ ನಂತರದ ಅತಿ ಸಮೀಪದ್ದೆಂದು ಪ್ರಸಿದ್ಧವಾಯಿತು. 2034ರ ನವೆಂಬರ್ 25ರದ್ದು ಅದಕ್ಕಿಂತ ಹತ್ತಿರ, 2052ರ ಡಿಸೆಂಬರ್ 6ರದ್ದು ಇನ್ನೂ ಹತ್ತಿರ. ಈ ಮೂರರ ನಡುವಿನ ಅಂತರ ನೂರು ಕಿಲೋಮೀಟರಿನಷ್ಟೂ ಇಲ್ಲ. ಅಷ್ಟನ್ನು ಯಾವ ಕಣ್ಣೂ ಗುರುತಿಸದು. ಮುಂದೆ ಬರುವ ಯಾವ ಸೂಪರ್‌ಮೂನ್ ಆದರೂ ಸಾಕು.

ಹಂತ 1: ಸಂಜೆಯನ್ನು ಆರಿಸಿಕೊಳ್ಳಿ

ಸುದ್ದಿಯಲ್ಲಿ ಬರುವ ವೇಳೆ ಚಂದ್ರ ಪೂರ್ಣನಾಗುವ ಕ್ಷಣದ್ದು. ಅದು ನಿಮ್ಮಲ್ಲಿ ನಡುಹಗಲೂ ಆಗಿರಬಹುದು. ನಿಮಗೆ ಬೇಕಾದದ್ದು ನಿಮ್ಮ ಊರಿನ ಚಂದ್ರೋದಯದ ವೇಳೆ. ಸ್ಟೆಲೇರಿಯಂನಂತಹ ಆ್ಯಪ್‌ನಲ್ಲಿ ಸ್ಥಳ ಹಾಕಿದರೆ ವೇಳೆ, ದಿಕ್ಕು ಎರಡೂ ಸಿಗುತ್ತವೆ.

ಚಂದ್ರ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ. ಹಾಗಾಗಿ ಹುಣ್ಣಿಮೆಯ ಹಿಂದಿನ ಸಂಜೆ ಸೂರ್ಯ ಇನ್ನೂ ಇರುವಾಗಲೇ, ತಿಳಿ ಬೆಳಕಿನಲ್ಲಿ ಮಸುಕಾಗಿ ಮೇಲೆ ಬರುತ್ತಾನೆ. ಹುಣ್ಣಿಮೆಯಂದು ಒಂದು ಕಡೆ ಸೂರ್ಯಾಸ್ತ, ಇನ್ನೊಂದು ಕಡೆ ಚಂದ್ರೋದಯ ಹೆಚ್ಚುಕಡಿಮೆ ಒಟ್ಟಿಗೆ. ಮರುದಿನ ಕತ್ತಲು ಕವಿದ ಮೇಲೆ ಕೆಂಡದ ಬಣ್ಣದಲ್ಲಿ ಬರುತ್ತಾನೆ. ಮೂರೂ ಚೆಲುವೇ. ಒಂದೇ ಸಂಜೆ ಬಿಡುವಿದ್ದರೆ ಹುಣ್ಣಿಮೆಯಂದೇ ಹೋಗಿ. ಫೋಟೊದ ಆಸೆಯಿದ್ದರೆ ಹಿಂದಿನ ಸಂಜೆಯನ್ನು ಖಂಡಿತ ಬಿಡಬೇಡಿ, ಆಗ ನೆಲದ ಮೇಲಿನ ದೃಶ್ಯಕ್ಕೂ ಬೆಳಕಿರುತ್ತದೆ.

ಹಂತ 2: ಜಾಗ ನೋಡಿಟ್ಟುಕೊಳ್ಳಿ

ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿರುತ್ತಾನೆ. ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಸರಿಸುಮಾರು ಚಂದ್ರೋದಯದ ಕಡೆಗೇ ಇರುತ್ತದೆ. ಜೂನ್ ಸುಮಾರಿಗೆ ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ ವಾಲಿ ಮುಳುಗುವುದರಿಂದ ಚಂದ್ರ ಪೂರ್ವದಿಂದ ದಕ್ಷಿಣಕ್ಕೆ ಸರಿದು ಮೂಡುತ್ತಾನೆ. ಡಿಸೆಂಬರಿನಲ್ಲಿ ಇದರ ತಿರುಗುಮುರುಗು.

ಕೆರೆಯ ದಂಡೆ, ಬಯಲು, ಎತ್ತರದ ತಾರಸಿ, ಯಾವುದಾದರೂ ಆದೀತು, ಪೂರ್ವ ದಿಗಂತ ತೆರೆದಿರಬೇಕು. ಪೂರ್ತಿ ಬೋಳಾದ ದಿಗಂತಕ್ಕಿಂತ ದೂರದಲ್ಲಿ ಒಂದು ಮರದ ಸಾಲೋ ಗೋಪುರವೋ ಮನೆಗಳ ಮಾಡೋ ಇರುವ ದಿಗಂತವೇ ನನಗೆ ಇಷ್ಟ. ಅವುಗಳ ಹಿಂದಿನಿಂದ ಏಳುವ ಚಂದ್ರ ಅವುಗಳನ್ನೆಲ್ಲ ಚಿಕ್ಕದು ಮಾಡಿಬಿಡುತ್ತಾನೆ. ಆ್ಯಪ್ ಕೊಡುವ ವೇಳೆ ಸಮತಟ್ಟಾದ ದಿಗಂತದ್ದು. ಐದು ಡಿಗ್ರಿ ಎತ್ತರದ ಗುಡ್ಡ ಅಡ್ಡವಿದ್ದರೆ ಇಪ್ಪತ್ತು ನಿಮಿಷವಾದರೂ ಹೆಚ್ಚು ಕಾಯಬೇಕು. ಕಡಲತೀರಕ್ಕೆ ಹೋಗುವವರು ಉಬ್ಬರದ ವೇಳೆಯನ್ನು ವಿಚಾರಿಸಿಕೊಂಡೇ ಹೊರಡಿ, ಚಂದ್ರ ಸಮೀಪವಿರುವ ಹುಣ್ಣಿಮೆಯಲ್ಲಿ ನೀರು ವಾಡಿಕೆಗಿಂತ ತುಸು ಮೇಲೇರುತ್ತದೆ.

ಹಂತ 3: ಆ ಮೊದಲ ನಿಮಿಷಗಳು

ಹದಿನೈದು ನಿಮಿಷ ಮೊದಲೇ ಅಲ್ಲಿರಿ. ಮೊದಲು ಕಾಣುವುದು ಮಂಕಾದ ಒಂದು ಅಂಚು, ಮಬ್ಬಿನಲ್ಲಿ ಅದೂ ಅನುಮಾನ ಹುಟ್ಟಿಸುವಂಥದ್ದು. ಅಲ್ಲಿಂದ ಇಡೀ ಬಿಂಬ ಹೊರಬರಲು ಸಮಭಾಜಕದ ಆಸುಪಾಸಿನಲ್ಲಿ ಎರಡೇ ನಿಮಿಷ ಸಾಕು, ಧ್ರುವಗಳ ಕಡೆಗೆ ಹೋದಂತೆ ಇನ್ನಷ್ಟು. ಆಕಾಶ ಚಲಿಸುವುದನ್ನು ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಸಂದರ್ಭಗಳು ತೀರಾ ಕಡಿಮೆ. ಆದ್ದರಿಂದ ಆ ಎರಡು ನಿಮಿಷ ದಯವಿಟ್ಟು ಮೊಬೈಲನ್ನು ಜೇಬಿನಲ್ಲೇ ಇಡಿ.

ಬಣ್ಣ ಗಮನಿಸಿ. ದಿಗಂತದ ಬೆಳಕು ನೆತ್ತಿಯ ಬೆಳಕಿಗಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಗಾಳಿಯನ್ನು ಹಾದು ಬರುತ್ತದೆ. ದಾರಿಯಲ್ಲಿ ನೀಲಿ ಚೆದುರಿಹೋಗಿ ಕಿತ್ತಳೆ, ಕೆಂಪು ಉಳಿಯುತ್ತವೆ. ಆಕಾರವನ್ನೂ ನೋಡಿ: ಬಿಂಬ ಮೇಲೆ ಕೆಳಗೆ ಅದುಮಿದಂತೆ ಚಪ್ಪಟೆಯಾಗಿರುತ್ತದೆ. ವಾತಾವರಣ ಬೆಳಕನ್ನು ಬಾಗಿಸುವಾಗ ಕೆಳಗಿನ ಅಂಚನ್ನು ಮೇಲಿನ ಅಂಚಿಗಿಂತ ಹೆಚ್ಚು ಎತ್ತುವುದೇ ಇದಕ್ಕೆ ಕಾರಣ. ಈ ಬಾಗುವಿಕೆ ದಿಗಂತದಲ್ಲಿ ಸುಮಾರು ಅರ್ಧ ಡಿಗ್ರಿ, ಅಂದರೆ ಚಂದ್ರನ ಅಗಲದಷ್ಟೇ. ಹೀಗಾಗಿ ಬಿಂಬದ ತಳ ದಿಗಂತವನ್ನು ಬಿಟ್ಟು ಏಳುವ ಗಳಿಗೆಯಲ್ಲಿ, ಲೆಕ್ಕದ ಪ್ರಕಾರ ಚಂದ್ರ ಇನ್ನೂ ದಿಗಂತದ ಕೆಳಗೇ ಇರುತ್ತಾನೆ. ಇದನ್ನು ತಿಳಿದು ನೋಡುವಾಗ ಆ ಕ್ಷಣದ ಸೊಗಸು ಹೆಚ್ಚುತ್ತದೆ.

ಇನ್ನು ಆ ಬೃಹದಾಕಾರ. ದಿಗಂತದ ಚಂದ್ರ ಹಿರಿದಾಗಿ ಕಾಣುವುದು ಗಾಳಿ ಮಸೂರವಾಗುವುದರಿಂದ ಎಂದು ನಂಬಿದವರು ಬಹಳ. ಹಾಗಲ್ಲ. ಮೂಡುವ ಚಂದ್ರ ನೆತ್ತಿಯ ಮೇಲಿನ ಚಂದ್ರನಿಗಿಂತ ನಮಗೆ ಭೂಮಿಯ ತ್ರಿಜ್ಯದಷ್ಟು, ಸುಮಾರು 6,400 ಕಿ.ಮೀ., ಹೆಚ್ಚು ದೂರ. ಅಳೆದರೆ ಒಂದೆರಡು ಶೇಕಡಾ ಚಿಕ್ಕವನೇ. ಹಿರಿದು ಮಾಡುವುದು ನಮ್ಮ ಮಿದುಳು. ಯಾಕೆ ಹೀಗೆ ಎಂಬ ಚರ್ಚೆ ಶತಮಾನಗಳಿಂದ ನಡೆದಿದೆ, ಇನ್ನೂ ಮುಗಿದಿಲ್ಲ. ನೀವೇ ಪರೀಕ್ಷಿಸಿ: ಕೈಯನ್ನು ಪೂರ್ತಿ ಚಾಚಿ ಕಿರುಬೆರಳನ್ನು ಚಂದ್ರನ ಮೇಲೆ ಹಿಡಿಯಿರಿ. ಬೆರಳ ಅಗಲ ಸುಮಾರು ಒಂದು ಡಿಗ್ರಿ, ಚಂದ್ರನದು ಅದರ ಅರ್ಧ. ಆ ಭಾರೀ ಬಿಂಬ ಬೆರಳ ಹಿಂದೆ ಅಡಗಿಬಿಡುತ್ತದೆ. ಮೂರು ಗಂಟೆಯ ನಂತರ ಮತ್ತೆ ಹಿಡಿದು ನೋಡಿ, ಅಷ್ಟೇ ಅಡಗುತ್ತದೆ. ಕಾಗದವನ್ನು ಕೊಳವೆಯಾಗಿ ಸುತ್ತಿ ಅದರೊಳಗಿನಿಂದ ದಿಗಂತದ ಚಂದ್ರನನ್ನು ನೋಡಿದರೆ ಸುತ್ತಲಿನ ದೃಶ್ಯ ಮರೆಯಾಗಿ ಬಿಂಬ ಕುಗ್ಗಿದಂತೆ ಅನಿಸುತ್ತದೆ. ಮಕ್ಕಳಿದ್ದರೆ ಈ ಎರಡನ್ನೂ ಅವರ ಕೈಯಿಂದಲೇ ಮಾಡಿಸಿ.

ಹಂತ 4: ಬೈನಾಕ್ಯುಲರ್ ಇದ್ದರೆ

7x50 ಅಥವಾ 10x50 (ಏಳು ಅಥವಾ ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮಸೂರದ್ದು) ಇದ್ದರೆ ಧಾರಾಳವಾಯಿತು. ಮೊಣಕೈಗಳನ್ನು ಗೋಡೆಗೋ ಕಟಕಟೆಗೋ ಊರಿ ಹಿಡಿಯಿರಿ. ಬರಿಗಣ್ಣಿಗೆ ಕಲೆಗಳಂತಿದ್ದದ್ದು ಲಾವಾ ಹರಿದು ಗಟ್ಟಿಯಾದ ಕಪ್ಪು ಬಯಲುಗಳಾಗಿ ಬಿಡಿಸಿಕೊಳ್ಳುತ್ತವೆ. ಅವುಗಳಲ್ಲೊಂದು 1969ರ ಜುಲೈನಲ್ಲಿ ಅಪೊಲೊ 11 ಇಳಿದ ಪ್ರಶಾಂತ ಸಾಗರ. ಟೈಕೊ ಕುಳಿಯನ್ನು ಮಾತ್ರ ಹುಡುಕಲೇಬೇಕು. ಚಂದ್ರನ ದಕ್ಷಿಣ ಭಾಗದಲ್ಲಿರುವ ಅದರ ಅಗಲ ಸುಮಾರು 85 ಕಿ.ಮೀ. ಅಲ್ಲಿಂದ ಎಲ್ಲ ದಿಕ್ಕಿಗೂ ಚಿಮ್ಮಿದ ಬಿಳಿ ಗೆರೆಗಳು ಹುಣ್ಣಿಮೆಯಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆ ತಿಥಿಗಳಲ್ಲಿ ಕಾಣುವುದಿಲ್ಲ. ಕುಳಿಗಳ ಆಳ, ಬೆಟ್ಟಗಳ ಎತ್ತರ ಬೇಕಾದವರು ನೆರಳು ಬೀಳುವ ಅರ್ಧಚಂದ್ರನ ದಿನಗಳಿಗೆ ಕಾಯಬೇಕು. ದೂರದರ್ಶಕದಲ್ಲಿ ಬೆಳಕು ಕಣ್ಣು ಕೋರೈಸುತ್ತದೆ, ಹಾನಿ ಮಾಡುವುದಿಲ್ಲ.

ಹಂತ 5: ಫೋಟೊ

ಗೋಪುರದ ಹಿಂದೆ ಗೋಪುರದಷ್ಟೇ ದೊಡ್ಡ ಚಂದ್ರನಿರುವ ಚಿತ್ರಗಳ ಗುಟ್ಟು ದೂರ. ಒಂದು ವಸ್ತುವಿನ ಎತ್ತರದ ಸುಮಾರು 115 ಪಟ್ಟು ದೂರಕ್ಕೆ ಹೋಗಿ ನಿಂತರೆ ಅದು ಚಂದ್ರನಷ್ಟೇ ಎತ್ತರ ಕಾಣುತ್ತದೆ. 20 ಮೀಟರ್ ಗೋಪುರಕ್ಕೆ 2.3 ಕಿ.ಮೀ., ನಿಂತ ಮನುಷ್ಯನಿಗೆ ಸುಮಾರು 200 ಮೀಟರ್. ಅಲ್ಲಿಂದ ಉದ್ದನೆಯ ಜೂಮ್ ಲೆನ್ಸ್ ಹಾಕಿ, ಟ್ರೈಪಾಡ್ ಮೇಲಿಟ್ಟು ತೆಗೆಯಿರಿ. ಚಂದ್ರ ಮೇಲೇರಿದ ಮೇಲೆ ಲೆನ್ಸಿನ ತೆರಪನ್ನು (ಅಪರ್ಚರ್) ಎಫ್/11ಕ್ಕೆ ಇಟ್ಟು, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 100 ಇದ್ದರೆ ಶಟರ್ ವೇಗ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಇರಲಿ. ಮೊಬೈಲಿನಲ್ಲಿ ಪರದೆಯ ಮೇಲಿನ ಚಂದ್ರನನ್ನು ಒತ್ತಿ ಹಿಡಿದು ಫೋಕಸ್ ನಿಲ್ಲಿಸಿ, ಬೆಳಕನ್ನು ಸಾಕಷ್ಟು ತಗ್ಗಿಸಿ. ಇಲ್ಲದಿದ್ದರೆ ಬರುವುದು ಬಿಳಿ ಚುಕ್ಕೆ ಮಾತ್ರ.

ಹಂತ 6: ಚಂದ್ರನಿಗೆ ಬೆನ್ನು ಹಾಕಿ

ಎಲ್ಲರೂ ಬಿಟ್ಟುಬಿಡುವ ಹಂತವಿದು. ಚಂದ್ರ ಸಾಕಷ್ಟು ಮೇಲೇರಿದ ಮೇಲೆ ವಿದ್ಯುತ್ ದೀಪಗಳಿಂದ ದೂರ ಹೋಗಿ, ಇಪ್ಪತ್ತು ನಿಮಿಷ ಪರದೆ ನೋಡದೆ ಕಣ್ಣನ್ನು ಪಳಗಿಸಿ, ನೆಲದ ಕಡೆ ತಿರುಗಿ. ನಿಮ್ಮ ನೆರಳು ಸ್ಪಷ್ಟವಾಗಿ ಬಿದ್ದಿರುತ್ತದೆ. ಎಲೆಗಳ ಅಂಚು ತಿಳಿಯುತ್ತದೆ, ಹಾದಿ ಕಾಣುತ್ತದೆ. ಬಣ್ಣಗಳು ಮಾತ್ರ ಸೋತಿರುತ್ತವೆ, ಕೆಂಪು ಹೂವು ಕಪ್ಪಾಗಿರುತ್ತದೆ. ಇಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ತಿಳಿಯುವ ಕಣ್ಣಿನ ಕೋಶಗಳು ಹೆಚ್ಚು ಕೆಲಸ ಮಾಡವು. ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದ ಒಂದು ಭಾಗ ಈ ಬೆಳದಿಂಗಳು. ಅದನ್ನು ಕೊಡುವ ಚಂದ್ರನ ನೆಲವಾದರೋ ಸವೆದ ಡಾಂಬರು ರಸ್ತೆಯಷ್ಟು ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನ ಶೇ 12ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ.

ಮೋಡ ಬಂದರೆ

ತೆಳು ಮೋಡವಾದರೆ ಎದ್ದು ಹೋಗಬೇಡಿ. ಚಂದ್ರನ ಸುತ್ತ ಬಣ್ಣದ ಸಣ್ಣ ಬಳೆ ಮೂಡಬಹುದು, ಎತ್ತರದ ಹಿಮಕಣಗಳ ಮೋಡವಿದ್ದರೆ 22 ಡಿಗ್ರಿ ತ್ರಿಜ್ಯದ ದೊಡ್ಡ ಉಂಗುರವೂ ಕಾಣಬಹುದು. ದಟ್ಟ ಮೋಡವಾದರೆ ಮರುಸಂಜೆ ಹೋಗಿ, ಬಿಂಬ ಆಗಲೂ ಬಹುಪಾಲು ಪೂರ್ಣವೇ.

ಗಾತ್ರದ ವ್ಯತ್ಯಾಸವನ್ನು ಕಣ್ಣಾರೆ ಕಾಣಲೇಬೇಕೆನ್ನುವವರಿಗೆ ಒಂದು ದಾರಿಯಿದೆ. ಚಂದ್ರ ಮೇಲೇರಿದ ಮೇಲೆ ಒಂದು ಫೋಟೊ ತೆಗೆದು, ಕ್ಯಾಮೆರಾ ಮತ್ತು ಜೂಮ್ ಯಾವುವೆಂದು ಬರೆದಿಟ್ಟುಕೊಳ್ಳಿ. ಅಲ್ಲಿಂದ ಏಳನೆಯ ಹುಣ್ಣಿಮೆಯ ಹೊತ್ತಿಗೆ ಚಂದ್ರ ತನ್ನ ದಾರಿಯ ದೂರದ ತುದಿಯ ಬಳಿ ಇರುತ್ತಾನೆ. ಅಂದು ಅದೇ ಜೂಮ್‌ನಲ್ಲಿ ಇನ್ನೊಂದು ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ.