ಹಿರಿಯರು ಬಿಟ್ಟುಹೋದ ಸಾಮಾನಿಗೆ ಬೆಲೆ ಕಟ್ಟುವುದು ಹೇಗೆ?

ಪ್ರೊಬೇಟ್ ಅಂದರೆ ಮೃತ್ಯುಪತ್ರ (ವಿಲ್) ನಿಜವೆಂದು ಕೋರ್ಟು ಕೊಡುವ ಪ್ರಮಾಣ. ಅದರ ಅರ್ಜಿಯ ಜೊತೆ ಕೊಡುವ ಆಸ್ತಿ ಪಟ್ಟಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಮನೆ ಬಳಕೆಯ ಸಾಮಾನು, ಬಂಗಾರ, ಬೆಳ್ಳಿ, ಭಾಂಡೆ ಎಲ್ಲ ಸೇರಿ ಅಂದಾಜು 5 ಲಕ್ಷ.’ ಹೊಲಕ್ಕೆ ಸರ್ವೆ ನಂಬರು, ಗುಂಟೆ ಲೆಕ್ಕ ಇರುತ್ತದೆ. ಮನೆಗೆ ಸಿಟಿಎಸ್ (ನಗರ ಸರ್ವೆ) ನಂಬರು ಇರುತ್ತದೆ. ಅವ್ವನ ಪಾಟ್ಲಿ, ಬಿಲ್ವಾರ, ಬೋರಮಾಳಕ್ಕೆ ಮಾತ್ರ ಆ ಒಂದೇ ಸಾಲು. ಪುಣೆಯಲ್ಲಿರುವ ತಮ್ಮ, ಬೆಳಗಾವಿಗೆ ಕೊಟ್ಟ ಅಕ್ಕ ತಕರಾರು ತೆಗೆಯುವುದು ಎಷ್ಟೋ ಸಲ ಹೊಲದ ಮೇಲಲ್ಲ, ‘5 ಲಕ್ಷ ಹೆಂಗಾತು?’ ಎಂಬ ಮಾತಿನ ಮೇಲೆ.

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವೇನಲ್ಲ. ಆದರೆ ಮೃತ್ಯುಪತ್ರವನ್ನೇ ಯಾರಾದರೂ ಒಪ್ಪದಿದ್ದರೆ, ಬ್ಯಾಂಕಿನವರೋ ಷೇರು ಕಂಪನಿಯವರೋ ಪಟ್ಟು ಹಿಡಿದರೆ ಧಾರವಾಡದ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ‘ಉತ್ತರಾಧಿಕಾರ ಪ್ರಮಾಣಪತ್ರ ಸಾಕಲ್ವಾ?’ ಎಂದು ಕೇಳುತ್ತಾರೆ. ಸಾಲದು. ಅದು ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲ ಇಂಥವಕ್ಕೆ ಮಾತ್ರ. ಹಂಡೆ, ಕೊಡ, ಬಂಗಾರ ಅದರಲ್ಲಿ ಬರುವುದಿಲ್ಲ.

ಇನ್ನೊಂದು ಹೆದರಿಕೆ ತೆರಿಗೆಯದು. ಇಂಟರ್ನೆಟ್ಟಿನಲ್ಲಿ ಬ್ರಿಟನ್ನಿನ ಲೇಖನ ಓದಿ, ಪಿತ್ರಾರ್ಜಿತಕ್ಕೆ ತೆರಿಗೆ ಬೀಳುತ್ತದೆ ಎಂದುಕೊಂಡು ಬೆಲೆ ಇಳಿಸಿ ಬರೆಯುತ್ತಾರೆ. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ರದ್ದಾಗಿದೆ. ಪ್ರೊಬೇಟಿಗೆ ಕಟ್ಟಬೇಕಾದದ್ದು ಕೋರ್ಟ್ ಫೀ. ಅಲ್ಲಿ ನಾಲ್ಕು ಕಾಸು ಉಳಿಸಲು ಹೋಗಿ ಪಟ್ಟಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳಬೇಡಿ.

1. ಮೊದಲು ಬಾಗಿಲು ಹಾಕಿ

ದಿನಕರ್ಮ ಮುಗಿಯುವ ಹೊತ್ತಿಗೆ ‘ನೆನಪಿಗೆ ಇರಲಿ’ ಎಂದು ಒಬ್ಬರು ವಾಚು, ಇನ್ನೊಬ್ಬರು ಇಲಕಲ್ ಸೀರೆ, ಮತ್ತೊಬ್ಬರು ಬೆಳ್ಳಿ ತಂಬಿಗೆ ಎತ್ತಿಕೊಂಡಿರುತ್ತಾರೆ. ಪಟ್ಟಿ ಆಗುವವರೆಗೆ ಏನೂ ಹೊರಗೆ ಹೋಗಬಾರದು. ಆಗಲೇ ಹೋಗಿದ್ದರೆ ಜಗಳ ಬೇಡ. ಯಾರ ಹತ್ತಿರ ಏನಿದೆ ಎಂದು ಬರೆದುಕೊಳ್ಳಿ, ಫೋಟೋ ತರಿಸಿಕೊಳ್ಳಿ.

2. ಯಾರದ್ದು ಎಂದು ಬೇರ್ಪಡಿಸಿ

ಅಪ್ಪ ತೀರಿಕೊಂಡಿದ್ದರೆ ಅವ್ವನ ಮೈಮೇಲಿನ ಬಂಗಾರ ಅಪ್ಪನ ಆಸ್ತಿ ಅಲ್ಲ. ತವರಿನವರು ಕೊಟ್ಟದ್ದು, ಮದುವೆಯಲ್ಲಿ ಹಾಕಿದ್ದು ಅವಳ ಸ್ತ್ರೀಧನ. ಒಂದೇ ತಿಜೋರಿಯಲ್ಲಿ ಇತ್ತು ಎಂಬ ಕಾರಣಕ್ಕೆ ಅದನ್ನು ಪಟ್ಟಿಗೆ ಸೇರಿಸುವವರನ್ನು ನೋಡಿದ್ದೇನೆ, ಅದೂ ಅವ್ವ ಎದುರಿಗೆ ಕೂತಿರುವಾಗಲೇ. ಮಗ ತನ್ನ ಸಂಬಳದಲ್ಲಿ ತಂದ ಫ್ರಿಜ್ಜು, ಸೊಸೆಯ ಹೊಲಿಗೆ ಯಂತ್ರ ಕೂಡ ಪಟ್ಟಿಯಿಂದ ಹೊರಗೆ. ಲಾಕರಿನ ನಾಮಿನಿ ಇದ್ದವರೇ ಅದರೊಳಗಿನ ಬಂಗಾರದ ಮಾಲೀಕರು ಎಂಬುದೂ ತಪ್ಪು. ನಾಮಿನಿ ಅದನ್ನು ತೆಗೆದುಕೊಳ್ಳಬಹುದು ಅಷ್ಟೇ, ಪಾಲು ಮೃತ್ಯುಪತ್ರದ ಪ್ರಕಾರವೇ. ಲಾಕರ್ ತೆಗೆಯುವಾಗ ಬ್ಯಾಂಕಿನವರು ಸಾಕ್ಷಿಗಳ ಎದುರು ಮಾಡುವ ಪಟ್ಟಿಯ ಪ್ರತಿ ಕೇಳಿ ಇಟ್ಟುಕೊಳ್ಳಿ.

3. ಪಟ್ಟಿ ಬರೆಯಿರಿ

ಖೋಲಿಯಿಂದ ಖೋಲಿಗೆ ಹೋಗಿ. ದೇವರ ಜಗಲಿ ಮೊದಲು, ಅಡುಗೆಮನೆ ಆಮೇಲೆ, ಅಟ್ಟ ಕೊನೆಗೆ. ಮನೆಯವರಲ್ಲದ ಇಬ್ಬರು ಪಂಚರು (ಸಾಕ್ಷಿಗಳು) ಜೊತೆಗಿರಲಿ. ಪುಟಗಳಿಗೆ ನಂಬರು ಇರುವ ದಪ್ಪ ನೋಟ್‌ಬುಕ್ಕು, ಬಾಲ್ ಪೆನ್ನು. ಎಕ್ಸೆಲ್ ಬೇಡ. ಕಂಪ್ಯೂಟರಿನಲ್ಲಿ ಒಂದು ಸಾಲು ಮಾಯ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಪುಸ್ತಕದಲ್ಲಿ ಹೊಡೆದುಹಾಕಿದರೆ ಗೀಟು ಉಳಿಯುತ್ತದೆ. ಪ್ರತಿ ಪುಟದ ಕೆಳಗೆ ಎಲ್ಲರ ಸಹಿ. ಈ ಹಂತದಲ್ಲಿ ಬೆಲೆಯ ಮಾತೇ ಎತ್ತಬೇಡಿ. ಎತ್ತಿದರೆ ಅಡುಗೆಮನೆಗೂ ತಲುಪುವುದಿಲ್ಲ.

ಹಿಟ್ಟಿನ ಡಬ್ಬಿ, ಹಾಸಿಗೆ ಸುರುಳಿ ಬಿಚ್ಚಿ ನೋಡಿ. 2016ರಲ್ಲಿ ರದ್ದಾದ 500, 1000ದ ನೋಟು ಸಿಕ್ಕರೆ ಬೆಲೆ ಸೊನ್ನೆ. 2000ದ ನೋಟಿಗೆ ಇನ್ನೂ ಬೆಲೆ ಇದೆ, ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಗೆ ಅಂಚೆಯಲ್ಲೂ ಕಳಿಸಬಹುದು.

4. ಬಂಗಾರ

ಇಲ್ಲೇ ಎಲ್ಲರೂ ಎಡವುವುದು. ನಿಧಾನಕ್ಕೆ ಓದಿ.

ಬರೆಯಬೇಕಾದ ಬೆಲೆ ಯಾವುದು? ಕೊಂಡಾಗಿನ ಬೆಲೆ ಅಲ್ಲ. ಇವತ್ತು ಹೊಸದು ಮಾಡಿಸಿದರೆ ಆಗುವ ಬೆಲೆಯೂ ಅಲ್ಲ. ಆ ದಿನ ಪೇಟೆಯಲ್ಲಿ ಮಾರಿದರೆ ಕೈಗೆ ಬರುವ ಬೆಲೆ. ಆದ್ದರಿಂದ ಮಜೂರಿ, ವೇಸ್ಟೇಜು, ಶೇ 3ರ ಜಿಎಸ್‌ಟಿ ಸೇರಿಸಬಾರದು. ‘ಆ ದಿನ’ ಯಾವುದು ಎಂಬುದನ್ನು ವಕೀಲರಿಂದ ಮೊದಲೇ ಖಚಿತ ಮಾಡಿಕೊಳ್ಳಿ. ಸಾಮಾನ್ಯವಾಗಿ ತೀರಿಕೊಂಡ ದಿನ. ವರ್ಷ ದಾಟಿ ಅರ್ಜಿ ಹಾಕಿದರೆ ಅರ್ಜಿ ಹಾಕಿದ ದಿನ. ಬಂಗಾರದ ದರ ಏರುತ್ತಿರುವ ರೀತಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆ ದಿನದ ಪೇಪರಿನ ದರಪಟ್ಟಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ.

ಮುಂದಿನದು ತೂಕ. ಹಳೆಯ ಚೀಟಿಯಲ್ಲಿ ‘10 ತೊಲಿ’ ಎಂದಿದ್ದರೆ ಅದು 100 ಗ್ರಾಂ ಅಲ್ಲ. ಹಳೆಯ ತೊಲೆ ಅಂದರೆ 11.66 ಗ್ರಾಂ, ಅಲ್ಲಿಗೆ 10 ತೊಲೆಗೆ 116 ಗ್ರಾಂ ದಾಟಿತು. ಇವತ್ತು ಅಂಗಡಿಯಲ್ಲಿ ‘ಒಂದು ತೊಲಿ’ ಎಂದರೆ 10 ಗ್ರಾಂ ಎಂದೇ ಅರ್ಥ. ಅಜ್ಜನ ಕಾಲದ ಚೀಟಿ ಹಿಡಿದು ಇವತ್ತಿನ ತೊಲೆಯಲ್ಲಿ ಗುಣಿಸಿದರೆ 16 ಗ್ರಾಂ ಬಂಗಾರ ಕಾಗದದ ಮೇಲೇ ಕಳೆದುಹೋಗುತ್ತದೆ. ಆಮೇಲೆ ತೂಗಿದಾಗ ಜಾಸ್ತಿ ಬಂದರೆ ‘ಎಲ್ಲಿಂದ ಬಂತು?’ ಎಂಬ ಇನ್ನೊಂದು ರಗಳೆ. ಚೀಟಿ ನೋಡಿ ಬರೆಯಬೇಡಿ. ಪ್ರತಿಯೊಂದನ್ನೂ ಹೊಸದಾಗಿ ತೂಗಿಸಿ, ಗ್ರಾಂನಲ್ಲೇ ಬರೆಯಿರಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಪಾಕೆಟ್ ತಕ್ಕಡಿ ಇದಕ್ಕೆ ಆಗುವುದಿಲ್ಲ. ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರುವ ತಕ್ಕಡಿಯೇ ಬೇಕು.

ತೂಕ ಬಂದರೂ ಅದೆಲ್ಲ ಬಂಗಾರ ಅಲ್ಲ. ನಮ್ಮ ಕಡೆಯ ಹಳೆಯ ಬೋರಮಾಳ, ಗುಂಡಿನ ಸರದ ಗುಂಡುಗಳ ಹೊಟ್ಟೆಯಲ್ಲಿ ಅರಗು ಇರುತ್ತದೆ. ಮೇಲಿನದು ತೆಳ್ಳಗಿನ ಬಂಗಾರದ ತಗಡು. ಒಂದು ಗುಂಡನ್ನು ಬೆಳಕಿಗೆ ಹಿಡಿದು ದಾರ ಹಾಯುವ ತೂತಿನ ಅಂಚು ನೋಡಿ, ಕಪ್ಪಗೆ ಇಲ್ಲವೇ ಕೆಂಪಗೆ ಅರಗು ಕಾಣುತ್ತದೆ. ಹರಳು, ಮುತ್ತು, ಕರಿಮಣಿ, ಪೋಣಿಸಿದ ದಾರ ಎಲ್ಲವೂ ತೂಕದಲ್ಲಿ ಸೇರಿರುತ್ತವೆ. ಆದ್ದರಿಂದ ಎರಡು ಕಾಲಂ ಹಾಕಿ: ಒಟ್ಟು ತೂಕ, ನಿವ್ವಳ ತೂಕ.

ಕೊನೆಗೆ ಕಸ, ಅಂದರೆ ಬಂಗಾರದ ಶುದ್ಧತೆ. ಹಾಲ್‌ಮಾರ್ಕ್ ಇದ್ದರೆ ಸುಲಭ. 916 ಎಂದಿದ್ದರೆ 22 ಕ್ಯಾರೆಟ್, 750 ಎಂದಿದ್ದರೆ 18. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಎಚ್‌ಯುಐಡಿ, ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಬಹುದು. ಹಳೆಯದಕ್ಕೆ ಇದ್ಯಾವುದೂ ಇರುವುದಿಲ್ಲ. ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿ. ಒಂದು ಮಾತು ನೆನಪಿರಲಿ. ಅಲ್ಲಿನ ಎಕ್ಸ್‌ರೇ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ಬೆಸುಗೆ ಹಾಕಿದ ಜಾಗ, ಹಿಂಬದಿ, ಕೊಂಡಿ ಎಲ್ಲ ಕಡೆ ಹಿಡಿದು ತೋರಿಸಲು ಹೇಳಿ.

ಈಗ ಲೆಕ್ಕ. 24 ಕ್ಯಾರೆಟ್ ದರ ಗ್ರಾಂಗೆ ₹12,000 ಎಂದು ಇಟ್ಟುಕೊಳ್ಳೋಣ. ಬೋರಮಾಳದ ಒಟ್ಟು ತೂಕ 24.6 ಗ್ರಾಂ. ಅರಗು 5.1 ಗ್ರಾಂ ಕಳೆದರೆ ನಿವ್ವಳ 19.5. ಕಸ ಶೇ 85. ಅಂದರೆ 19.5 × 12,000 × 0.85, ಒಟ್ಟು ₹1,98,900. ಮೊಬೈಲ್ ಆ್ಯಪಿನಲ್ಲಿ ತೂಕ ಹಾಕಿ ಒತ್ತುವವರಿಗೆ ಇದೇ ಸರಕ್ಕೆ ₹2,95,200 ಬರುತ್ತದೆ. ಒಂದೇ ಸರ, ₹96,300 ವ್ಯತ್ಯಾಸ. ಆ ಸರ ಯಾರ ಪಾಲಿಗೆ ಹೋಗುತ್ತದೋ ಅವರು ಇಲ್ಲದ ಲಕ್ಷವನ್ನು ಪಾಲಿನಲ್ಲಿ ಬಿಟ್ಟುಕೊಟ್ಟಂತೆ.

ಅರಗು ಎಷ್ಟು ಎಂದು ಬಿಚ್ಚದೆ ಕರಾರುವಾಕ್ಕಾಗಿ ಹೇಳಲು ಆಗುವುದಿಲ್ಲ. ಕೆಲವು ಅಂಗಡಿಯವರು ‘ಕರಗಿಸಿ ನೋಡೋಣ್ರಿ, ಐದು ನಿಮಿಷದ ಕೆಲಸ’ ಎನ್ನುತ್ತಾರೆ. ಬಿಲ್ಕುಲ್ ಒಪ್ಪಬೇಡಿ. ಕರಗಿಸಿದ ಮೇಲೆ ಅದು ಅವ್ವನ ಸರ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಮೃತ್ಯುಪತ್ರದಲ್ಲಿ ‘ನನ್ನ ಬೋರಮಾಳ ಹಿರಿಯ ಸೊಸೆಗೆ’ ಎಂದಿದ್ದರೆ ಅವಳಿಗೆ ಗಟ್ಟಿ ಕೊಡುತ್ತೀರಾ? ಇಬ್ಬರ ಹತ್ತಿರ ಅಂದಾಜು ಮಾಡಿಸಿ. ಎರಡನ್ನೂ ಬರೆದು ನಡುವಿನದನ್ನು ಹಿಡಿಯಿರಿ.

ಯಾರ ಹತ್ತಿರ ಮಾಡಿಸಬೇಕು? ಆಭರಣಕ್ಕೆ ಸರ್ಕಾರದಲ್ಲಿ ನೋಂದಾಯಿಸಿದ ಮೌಲ್ಯಮಾಪಕರು ಇರುತ್ತಾರೆ, ಅವರ ವರದಿಗೆ ಕೋರ್ಟಿನಲ್ಲಿ ತೂಕ ಜಾಸ್ತಿ. ತಕರಾರು ಇಲ್ಲದ ಮನೆಗೆ ಪರಿಚಯದ ಸರಾಫರ ಲೆಟರ್‌ಹೆಡ್ ಚೀಟಿ ಸಾಕಾಗಬಹುದು. ಆದರೆ ಕೊಳ್ಳುವವರಿಂದ ಬೆಲೆ ಕಟ್ಟಿಸಬೇಡಿ. ‘ಮಾರುವುದಿಲ್ಲ, ಚೀಟಿ ಮಾತ್ರ ಬೇಕು’ ಎಂದು ಮೊದಲೇ ಹೇಳಿ. ಫೀಯನ್ನೂ ಇಡಿಗಂಟಾಗಿ ಮಾತಾಡಿ. ಬೆಲೆಯ ಮೇಲೆ ಪರ್ಸೆಂಟೇಜು ಕೇಳುವವರಿಗೆ ಬೆಲೆ ಏರಿಸುವ ಆಸೆ ಇದ್ದೇ ಇರುತ್ತದೆ.

ತೂಗಿಸುವ ಮುಂಚೆ ಪಾಲಿಶ್ ಮಾಡಿಸುವ ಚಟವೂ ನಮ್ಮಲ್ಲಿದೆ. ಮನೆ ಬಾಗಿಲಿಗೆ ಬಂದು ಒಡವೆಯನ್ನು ದ್ರಾವಣದಲ್ಲಿ ಅದ್ದಿ ಫಳಫಳ ಮಾಡಿಕೊಡುವವರು ಬಂಗಾರವನ್ನು ಆ ದ್ರಾವಣದಲ್ಲೇ ಉಳಿಸಿಕೊಂಡು ಹೋಗುತ್ತಾರೆ. ಕೊಳೆ ಇದ್ದರೆ ಇರಲಿ.

5. ಬೆಳ್ಳಿ

ತಾಟು, ತಂಬಿಗೆ, ಕರಡಿಗೆ, ದೀಪದ ಕಂಬ ಎಲ್ಲ ತೂಗಿಸಿ. ದೀಪದ ಕಂಬದ ಬುಡದಲ್ಲಿ ಅರಗು ಇಲ್ಲವೇ ಬೇರೆ ಲೋಹ ತುಂಬಿರಬಹುದು, ತಿರುಗಿಸಿ ನೋಡಿ. ಜಗಲಿಯ ಡಬ್ಬಿಯಲ್ಲಿ ರಾಣಿ ಛಾಪಿನ, ರಾಜನ ಛಾಪಿನ ರೂಪಾಯಿ ಇದ್ದರೆ ಇಸವಿ ಓದಿ. ಆ ರೂಪಾಯಿಯ ತೂಕ ಸರಿಯಾಗಿ ಒಂದು ಹಳೆಯ ತೊಲೆ. 1939ರವರೆಗಿನದರಲ್ಲಿ ಬೆಳ್ಳಿ ಶೇ 91ಕ್ಕಿಂತ ಜಾಸ್ತಿ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ. 1947ರದ್ದು ನಿಕ್ಕಲ್. ಮೂರನ್ನೂ ಒಂದೇ ಗುಡ್ಡೆ ಹಾಕಿ ತೂಗಿದರೆ ಲೆಕ್ಕ ಕೆಟ್ಟಿತು. ಹುಣಸೆಹಣ್ಣು, ಪೌಡರು ಹಚ್ಚಿ ತಿಕ್ಕಬೇಡಿ. ಹಳೆಯ ನಾಣ್ಯ ಕೊಳ್ಳುವವರು ತಿಕ್ಕಿದ್ದಕ್ಕೆ ಕಡಿಮೆ ಕೊಡುತ್ತಾರೆ.

6. ಉಳಿದದ್ದು

ತಾಮ್ರ, ಹಿತ್ತಾಳೆ, ಕಂಚು ಬೇರೆ ಬೇರೆ ಮಾಡಿ ಕಿಲೋ ಲೆಕ್ಕದಲ್ಲಿ ಬರೆಯಿರಿ. ಸ್ಟೀಲು, ಪ್ಲಾಸ್ಟಿಕ್ಕು ಒಂದೇ ಸಾಲಿನಲ್ಲಿ ಸಾಕು. ಟಿವಿ, ವಾಷಿಂಗ್ ಮಷೀನಿಗೆ ಸೆಕೆಂಡ್ ಹ್ಯಾಂಡ್ ಬೆಲೆ, ಸ್ಕೂಟರಿಗೆ ವಿಮೆ ಪಾಲಿಸಿಯಲ್ಲಿರುವ ಐಡಿವಿ, ಅಂದರೆ ವಿಮೆಯವರು ಗಾಡಿಗೆ ಹಿಡಿದ ಬೆಲೆ. ಸಾಗವಾನಿ ಮಂಚ, ಜೋಕಾಲಿ ಇದ್ದರೆ ಬಡಗಿಯನ್ನು ಕರೆಸಿ. ಮೋಡಕಾದವರು (ಗುಜರಿಯವರು) ಹೇಳುವುದು ಸೌದೆಯ ಬೆಲೆ.

ನಮ್ಮ ಊರುಗಳಲ್ಲಿ ಮರೆತುಹೋಗುವ ಎರಡು ಸಾಮಾನು ಇವೆ. ಒಂದು ತಂಬೂರಿ. ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟ ಮಿರಜಿನ ತಂಬೂರಿಯನ್ನು ‘ಹಳೇ ವಾದ್ಯ ₹500’ ಎಂದು ಬರೆದುಬಿಡುತ್ತಾರೆ. ಬುರುಡೆ ಸೀಳಿಲ್ಲದೆ, ದಂಡಿ ಬಾಗದೆ ಇದ್ದರೆ ಅದಕ್ಕೆ ಒಳ್ಳೆ ಬೆಲೆ ಇದೆ. ಧಾರವಾಡದಲ್ಲಿ ನುಡಿಸುವವರಿಗೆ ಬರವೇ, ಒಬ್ಬರನ್ನು ಕೇಳಿ. ಇನ್ನೊಂದು ಓಲೆಗರಿಯ ಕಟ್ಟು, ಹಳೆಯ ಮೂರ್ತಿ. 100 ವರ್ಷ ದಾಟಿದ ಮೂರ್ತಿ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ಊರೂರು ಸುತ್ತುವ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಓಲೆ ಓದುವವರಿಗೆ ತೋರಿಸಿ.

ಬಟ್ಟೆಬರೆ ಒಂದು ಸಾಲು. ಜರಿ ಸೀರೆ ಮಾತ್ರ ಬೇರೆ ಬರೆಯಿರಿ, ಹಳೆಯ ಜರಿಯಲ್ಲಿ ಬೆಳ್ಳಿ ಇರುತ್ತದೆ.

7. ಸಾಲ ಕಳೆಯಿರಿ, ಸಲ್ಲಿಸಿ

ಬಂಗಾರದ ಮೇಲಿನ ಸಾಲ, ಆಸ್ಪತ್ರೆ ಬಾಕಿ, ಅಂತ್ಯಕ್ರಿಯೆಯ ಖರ್ಚು ಬೇರೆ ಹಾಳೆಯಲ್ಲಿ, ರಸೀದಿ ಸಮೇತ. ಅಡವಿಟ್ಟ ಒಡವೆಯೂ ಆಸ್ತಿಯೇ, ಅದನ್ನು ಪಟ್ಟಿಯಿಂದ ಬಿಡಬೇಡಿ.

ಪ್ರೊಬೇಟ್ ಸಿಕ್ಕ ಮೇಲೂ ಕೆಲಸ ಇದೆ. ಆರು ತಿಂಗಳೊಳಗೆ ಪೂರ್ತಿ ಆಸ್ತಿ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕಪತ್ರ ಕೋರ್ಟಿಗೆ ಕೊಡಬೇಕು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 317ನೇ ಕಲಂ. ಬೇಕೆಂದೇ ಸುಳ್ಳು ಪಟ್ಟಿ ಕೊಟ್ಟರೆ ಸುಳ್ಳು ಸಾಕ್ಷಿ ಹೇಳಿದಷ್ಟೇ ಅಪರಾಧ. ಆಮೇಲೆ ಗೋಡೆಯ ಗೂಡಿನಲ್ಲೋ ಹಳೆಯ ಟ್ರಂಕಿನಲ್ಲೋ ಏನಾದರೂ ಸಿಕ್ಕರೆ ಅದೇ ಪಂಚರನ್ನು ಕರೆದು ತೂಗಿಸಿ, ಅದೇ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆದು, ವಕೀಲರ ಕೈಯಲ್ಲಿ ಹೆಚ್ಚುವರಿ ಪಟ್ಟಿ ಹಾಕಿಸಿ.