ಮೂರು ಬಗೆಯ ಯೀಸ್ಟ್, ಒಂದೇ ಖಾರಾ ಬನ್

ಖಾರಾ ಬನ್‌ಗೆ ನನ್ನ ಅಳತೆ 500 ಗ್ರಾಂ ಮೈದಾಕ್ಕೆ 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ವರ್ಷಗಳಿಂದ ಬದಲಾಗದ ಈ ಅಳತೆ ಒಂದು ಡಿಸೆಂಬರ್ ಸಂಜೆ ಕೈಕೊಟ್ಟಿತು. ಅಂಗಡಿಯಲ್ಲಿ ಇನ್‌ಸ್ಟಂಟ್ ಮುಗಿದಿದ್ದರಿಂದ ಆ್ಯಕ್ಟಿವ್ ಡ್ರೈ ಯೀಸ್ಟ್ ತಂದೆ. ಎರಡೂ ಒಣ ಯೀಸ್ಟೇ ಅಲ್ಲವೇ ಎಂದುಕೊಂಡು ಅದನ್ನು ಅದೇ ತೂಕದಲ್ಲಿ ನೇರವಾಗಿ ಮೈದಾಕ್ಕೆ ಬೆರೆಸಿ, ನಲ್ಲಿಯ ತಣ್ಣೀರಿನಲ್ಲೇ ನಾದಿದೆ. ಎರಡು ಗಂಟೆ ಕಳೆದರೂ ಹಿಟ್ಟು ಉಬ್ಬಲಿಲ್ಲ, ಮುಟ್ಟಿದರೆ ಬೆರಳಿಗೆ ಸಣ್ಣ ರವೆಯಂತಹ ಕಾಳುಗಳು ಸಿಗುತ್ತಿದ್ದವು. ಅಷ್ಟರಲ್ಲಿ ಹೆಚ್ಚಿಟ್ಟಿದ್ದ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ನೀರು ಬಿಟ್ಟುಕೊಂಡಿದ್ದವು. ಅತ್ತೆಯವರು ಹಿಟ್ಟನ್ನೊಮ್ಮೆ ಒತ್ತಿ ನೋಡಿ, “ಇನ್ನೇನು, ರೊಟ್ಟಿ ತಟ್ಟಿಬಿಡಮ್ಮ” ಎಂದರು. ತಟ್ಟಿದೆ.

ತಾಜಾ, ಆ್ಯಕ್ಟಿವ್ ಡ್ರೈ, ಇನ್‌ಸ್ಟಂಟ್ ಈ ಮೂರೂ ಸ್ಯಾಕರೋಮೈಸಿಸ್ ಸೆರೆವಿಸಿಯೇ ಎಂಬ ಒಂದೇ ಜಾತಿಯ ಜೀವಿಗಳು. ಮುಖ್ಯ ವ್ಯತ್ಯಾಸವಿರುವುದು ಅವುಗಳಲ್ಲಿ ಉಳಿದಿರುವ ನೀರಿನಲ್ಲಿ ಮತ್ತು ಒಣಗಿಸಿದ ವಿಧಾನದಲ್ಲಿ. ಆ್ಯಕ್ಟಿವ್ ಡ್ರೈ ಕಾಳುಗಳು ದಪ್ಪ, ಅವುಗಳ ಹೊರಪದರದಲ್ಲಿ ಸತ್ತ ಕೋಶಗಳಿರುತ್ತವೆ, ಹಾಗಾಗಿ ಅವು ಮೊದಲು ನೆನೆಯಬೇಕು. ಇನ್‌ಸ್ಟಂಟ್ ಸಣ್ಣ ಕಾಳಿನದಾದ್ದರಿಂದ ನಾದುವಾಗಲೇ ಹಿಟ್ಟಿನ ತೇವವನ್ನು ಹೀರಿ ಕೆಲಸ ಶುರುಮಾಡುತ್ತದೆ. ನನ್ನ ತಪ್ಪನ್ನು ತಣ್ಣೀರು ಇನ್ನಷ್ಟು ಹೆಚ್ಚಿಸಿತ್ತು: ಒಣ ಯೀಸ್ಟ್ ತಣ್ಣೀರಿನಲ್ಲಿ ನೆನೆದರೆ ಕೋಶದೊಳಗಿನ ಗ್ಲುಟಥಯೋನ್ ಎಂಬ ವಸ್ತು ಹೊರಗೆ ಸೋರಿ, ಹಿಟ್ಟಿನ ಬಿಗಿಯನ್ನು ಸಡಿಲಿಸಿ ಅಂಟಂಟಾಗಿಸುತ್ತದೆ.

ಈಗ ಆ್ಯಕ್ಟಿವ್ ಡ್ರೈ ಹಾಕುವುದಾದರೆ ಅದೇ 500 ಗ್ರಾಂ ಮೈದಾಕ್ಕೆ 6 ಗ್ರಾಂ ತೂಗುತ್ತೇನೆ. ನಾದಲು ಅಳೆದಿಟ್ಟ ನೀರಿನಲ್ಲೇ ಕಾಲು ಭಾಗ ತೆಗೆದು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ, ಚಿಟಿಕೆ ಸಕ್ಕರೆಯೊಡನೆ ಯೀಸ್ಟ್ ಉದುರಿಸಿ ಹತ್ತು ನಿಮಿಷ ಬಿಡುತ್ತೇನೆ. ಕಾಳುಗಳು ಮೊದಲು ತಳಕ್ಕಿಳಿದು, ಆಮೇಲೆ ಒಂದೊಂದಾಗಿ ಮೇಲೆದ್ದು ಬಿರಿದು, ಕೊನೆಗೆ ಫಿಲ್ಟರ್ ಕಾಫಿಯ ನೊರೆಯಂತೆ ಕೆನೆಬಣ್ಣದ ಪದರ ಕಟ್ಟುತ್ತದೆ. ನೊರೆ ಬಾರದಿದ್ದರೆ ಆ ಯೀಸ್ಟನ್ನು ಹಿಟ್ಟಿಗೆ ಹಾಕುವುದಿಲ್ಲ. ಸುಡುವ ನೀರಂತೂ ಕೂಡದು, 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸತ್ತೇಹೋಗುತ್ತದೆ.

ತಾಜಾ ಯೀಸ್ಟ್ ಆದರೆ ಇನ್‌ಸ್ಟಂಟಿನ ಮೂರರಷ್ಟು, ಅಂದರೆ 15 ಗ್ರಾಂ ಬೇಕು. ಅದರಲ್ಲಿ ಸುಮಾರು ಶೇಕಡ 70 ನೀರೇ ಇರುವುದರಿಂದ ನಾದುವ ನೀರಿನಲ್ಲಿ ಎರಡು ಟೀ ಚಮಚ ಕಡಿಮೆ ಮಾಡುತ್ತೇನೆ. ಮೃದುವಾದ ಹಿಟ್ಟಿಗೆ ಅಷ್ಟು ವ್ಯತ್ಯಾಸವೂ ಕೈಗೆ ತಿಳಿಯುತ್ತದೆ. ಒಳ್ಳೆಯ ತಾಜಾ ಯೀಸ್ಟ್ ಒತ್ತಿದರೆ ಪನೀರ್‌ನಂತೆ ಪುಡಿಯಾಗಬೇಕು. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಬೇಕರಿ ಸಾಮಾನಿನ ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಅರ್ಧ ಕಿಲೋ ಗಟ್ಟಿ. ಅದು ಮೂವತ್ತಕ್ಕೂ ಹೆಚ್ಚು ಸಲಕ್ಕೆ ಸಾಲುವಷ್ಟಿತ್ತು, ಫ್ರಿಜ್ಜಿನಲ್ಲಿ ಬಾಳಿದ್ದು ಮಾತ್ರ ಎರಡು ವಾರ. ರುಚಿಯಲ್ಲಿ ನನಗಾಗಲಿ ಮನೆಯವರಿಗಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲವಾದ್ದರಿಂದ ಮತ್ತೆ ತರಲಿಲ್ಲ.

ಈ ತೂಕಗಳನ್ನು ಚಮಚದಲ್ಲಿ ಅಳೆಯಲು ಹೋಗಿ ನಾನು ಹಲವು ಬಾರಿ ಎಡವಿದ್ದೇನೆ, ಏಕೆಂದರೆ ಒಂದು ಗ್ರಾಂ ಹೆಚ್ಚುಕಡಿಮೆಯೆಂಬುದು ಚಮಚದ ತುದಿಯಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಚಿಕ್ಕ ಡಿಜಿಟಲ್ ತಕ್ಕಡಿ ಬಂದ ಮೇಲೆಯೇ ಬದಲಿ ಲೆಕ್ಕ ಸರಿಹೋಯಿತು. ಗಡಿಯಾರವನ್ನು ಮಾತ್ರ ನಂಬುವುದಿಲ್ಲ. ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆಯಲ್ಲಿ ಇಮ್ಮಡಿಯಾಗುವ ಹಿಟ್ಟಿಗೆ ಡಿಸೆಂಬರ್‌ನಲ್ಲಿ ಒಂದೂವರೆ ಗಂಟೆಯಾದರೂ ಬೇಕಾಗುತ್ತದೆ, ಆ್ಯಕ್ಟಿವ್ ಡ್ರೈ ಆದರೆ ಅದಕ್ಕಿಂತ ತುಸು ಹೆಚ್ಚೇ. ಸಿಹಿ ಬನ್‌ನದು ಬೇರೆ ತಕರಾರು. ಹೆಚ್ಚು ಸಕ್ಕರೆ ಯೀಸ್ಟಿನ ಕೋಶದಿಂದ ನೀರನ್ನು ಎಳೆದುಕೊಂಡು ಅದನ್ನು ಮಂದವಾಗಿಸುವುದರಿಂದ, ಅಲ್ಲಿ ಯಾವ ಬಗೆಯ ಯೀಸ್ಟ್ ಹಾಕಿದರೂ ತೂಕವನ್ನು ಕಾಲು ಭಾಗ ಹೆಚ್ಚಿಸಿ, ಹಿಟ್ಟನ್ನು ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇನೆ.